ವೋಚರಿನ ಪಕ್ಕದಲ್ಲಿ 23ನೇ ವಿಧಿ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಚಾಳಿನಲ್ಲಿ ವಿಜಯಪುರದ ಕಡೆಯ ಒಬ್ಬ ಅಕ್ಕ ಇದ್ದಾರೆ. ಶಾಲೆಯೊಂದರಲ್ಲಿ ಕಸ ಗುಡಿಸಿ ನೆಲ ಒರೆಸುತ್ತಾರೆ. ಮಕ್ಕಳಿಗೆ ಅವರು ‘ಮಾವಶಿ’, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ತಿಂಗಳಿಗೊಮ್ಮೆ ಗುತ್ತಿಗೆದಾರನ ಕಡೆಯವನು ಮರಾಠಿ ವೋಚರಿನ ಮೇಲೆ ಅವರಿಂದ ಕನ್ನಡದಲ್ಲಿ ಸಹಿ ಹಾಕಿಸಿಕೊಂಡು, ನೋಟು ಎಣಿಸುವಾಗ ಒಂದೆರಡನ್ನು ತನ್ನ ಜೇಬಿಗೆ ಇಳಿಸುತ್ತಾನೆ. “ಕೇಳಿದರೆ ನಾಳೆಯಿಂದ ಬರಬೇಡ ಎನ್ನುತ್ತಾನೆ, ತಮ್ಮಾ” ಎಂದರು. ಕಾನೂನು ಓದುತ್ತಿರುವ ಗೆಳೆಯರೇ, ಸಂವಿಧಾನದ 23ನೇ ವಿಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಬಲವಂತ ಎಂದೊಡನೆ ನಮಗೆ ಜೀತ, ಚಾಟಿ ನೆನಪಾಗುತ್ತವೆ. ಆದರೆ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣ ನೋಡಿ. ಅಲ್ಲಿ ಕನಿಷ್ಠ ದಿನಗೂಲಿ 9.25 ರೂಪಾಯಿ ಇತ್ತು. ಕೂಲಿಯವರನ್ನು ಕರೆತರುವ ಜಮಾದಾರರು 1 ರೂಪಾಯಿ ಕಮಿಷನ್ ಮುರಿದುಕೊಂಡು 8.25 ಕೊಡುತ್ತಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು 1982ರ ತೀರ್ಪಿನಲ್ಲಿ ಹಸಿವು, ಬಡತನಗಳನ್ನೂ ಬಲವಂತದ ಲೆಕ್ಕಕ್ಕೆ ಸೇರಿಸಿದರು: ಬೇರೆ ದಾರಿಯಿಲ್ಲದೆ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿದರೆ ಅದೂ ಬಲವಂತದ ದುಡಿಮೆಯೇ. ಗುತ್ತಿಗೆದಾರನ ಕಡೆ ಬೆರಳು ತೋರಿಸಿ ಸರ್ಕಾರ ನುಣುಚಿಕೊಳ್ಳುವಂತಿಲ್ಲ ಎಂದೂ ಹೇಳಿದರು. ಪರೀಕ್ಷೆಯ ಉತ್ತರದಲ್ಲಿ ಈ ಎರಡನೆಯ ಅಂಶವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಇನ್ನು ‘ಗೌರವಧನ’. ಬಿಸಿಯೂಟದ ಅಡುಗೆಯವರಿಗೆ ಕೇಂದ್ರದ ಯೋಜನೆ 2009ರಲ್ಲಿ ತಿಂಗಳಿಗೆ 1,000 ರೂಪಾಯಿ ನಿಗದಿಪಡಿಸಿತು, ಅದೂ ವರ್ಷಕ್ಕೆ ಹತ್ತೇ ತಿಂಗಳು. ಸಂಬಳ ಎಂದು ಕರೆದರೆ ಕನಿಷ್ಠ ವೇತನದ ಪ್ರಶ್ನೆ ಏಳುತ್ತದೆ. ಗೌರವಧನ ಎಂದರೆ ಏಳದು ಎಂಬುದು ಜಾಣ್ಮೆ. 2020ರಲ್ಲಿ ಅಲಹಾಬಾದ್ ಹೈಕೋರ್ಟ್ ಈ ಜಾಣ್ಮೆಯನ್ನು ಒಪ್ಪಲಿಲ್ಲ. 1,000 ರೂಪಾಯಿಗೆ ಅಡುಗೆ ಮಾಡಿಸುವುದು 23ನೇ ವಿಧಿಯ ಉಲ್ಲಂಘನೆ ಎಂದಿತು.

ಒಂದು ಎಚ್ಚರಿಕೆ. ‘ಸಮಾನ ಕೆಲಸಕ್ಕೆ ಸಮಾನ ವೇತನ’ವನ್ನು ಇದರೊಂದಿಗೆ ಬೆರೆಸಬೇಡಿ. ಸರ್ಕಾರದ ತಾತ್ಕಾಲಿಕ ನೌಕರರ ಬಗೆಗಿನ 2016ರ ಜಗಜೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಅದಕ್ಕೆ ಕಾಯಂ ನೌಕರರೊಂದಿಗೆ ಹೋಲಿಕೆ ಬೇಕು; ಕೆಲಸ ಒಂದೇ ಎಂದು ತೋರಿಸುವ ಹೊಣೆ ಕೇಳುವವರದೇ. ಕನಿಷ್ಠ ವೇತನಕ್ಕೆ ಯಾರ ಹೋಲಿಕೆಯೂ ಬೇಡ. ಅಕ್ಕನ ಶಾಲೆಯಲ್ಲಿ ಕಾಯಂ ಜವಾನ ಒಬ್ಬನೂ ಇಲ್ಲದಿದ್ದರೂ ಅವರ ಪ್ರಶ್ನೆಗೆ ಬಲವಿದೆ.

ಕಳೆದ ತಿಂಗಳು ಅವರು ವೋಚರಿನ ಫೋಟೊ ತೆಗೆದುಕೊಂಡು ಬಂದಿದ್ದರು. ಅದರಲ್ಲಿದ್ದ ಮೊತ್ತವನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. “ಇನ್ನೊಮ್ಮೆ ಓದು” ಎಂದರು.