ಚೂಪು ಪರದೆ, ಮಸುಕು ಅಕ್ಷರ: 96ರ ಹಳೆಯ ಲೆಕ್ಕ

ನನ್ನ ತಂಗಿ ಪುಟವಿನ್ಯಾಸದ ಕೆಲಸ ಮಾಡುತ್ತಾಳೆ. ಹೋದ ವರ್ಷ ಹೊಸ ಲ್ಯಾಪ್‌ಟಾಪ್ ಕೊಂಡಳು. 15.6 ಇಂಚಿನ ಪರದೆ, ಅದರಲ್ಲಿ 3840×2160 ಪಿಕ್ಸೆಲ್. ಫೋಟೋ ತೆರೆದರೆ ಕಣ್ಣಿಗೆ ಹಬ್ಬ. ಆದರೆ ವರ್ಷಗಟ್ಟಲೆ ಕೈಗೆ ಒಗ್ಗಿದ ಪ್ರೋಗ್ರಾಮ್ ತೆರೆದರೆ ಮೆನುಗಳೆಲ್ಲ ಎಳ್ಳುಕಾಳಿನಷ್ಟು. ಇನ್ನೊಂದು ಪ್ರೋಗ್ರಾಮಿನಲ್ಲಿ ಅಕ್ಷರ ದೊಡ್ಡದಾಗಿಯೇ ಇದೆ, ಆದರೆ ಮಂಜು ಕವಿದ ಹಾಗೆ. "ಅಣ್ಣ, ಪರದೆ ಕೆಟ್ಟಿದೆಯಾ?" ಎಂದು ಕೇಳಿದಳು. ಪರದೆಗೆ ಏನೂ ಆಗಿರಲಿಲ್ಲ. ಈ ತೊಂದರೆಯ ಬೇರು 1980ರ ದಶಕದಲ್ಲಿದೆ.

1984ರ ಮ್ಯಾಕಿಂಟಾಷ್ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇದ್ದವು. ಅಕ್ಷರ ಅಳೆಯುವ ಪಾಯಿಂಟ್ ಕೂಡ ಇಂಚಿನ 72ನೇ ಒಂದು ಭಾಗ. 12 ಪಾಯಿಂಟ್ ಅಕ್ಷರಕ್ಕೆ 12 ಪಿಕ್ಸೆಲ್ ಎತ್ತರ. ಪರದೆಯಲ್ಲಿ ಕಂಡಷ್ಟೇ ಕಾಗದದಲ್ಲೂ ಬರುತ್ತಿತ್ತು. ಮೈಕ್ರೋಸಾಫ್ಟ್ ಬೇರೆ ಲೆಕ್ಕ ಹಿಡಿಯಿತು. ಪುಸ್ತಕಕ್ಕಿಂತ ಪರದೆಯನ್ನು ನಾವು ಸ್ವಲ್ಪ ದೂರದಿಂದ ನೋಡುತ್ತೇವೆ, ಅಲ್ವಾ? ಹಾಗಾಗಿ 72ಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿ ಇಂಚಿಗೆ 96 ಎಂದು ಇಟ್ಟುಕೊಂಡಿತು. ಅದೇ 12 ಪಾಯಿಂಟ್ ಅಕ್ಷರ ವಿಂಡೋಸ್‌ನಲ್ಲಿ 16 ಪಿಕ್ಸೆಲ್ ಆಯಿತು.

96 ಎನ್ನುವುದನ್ನು ಬದಲಿಸಲು ವಿಂಡೋಸ್‌ನಲ್ಲಿ ಬಹಳ ಹಿಂದೆಯೇ ದಾರಿ ಇತ್ತು. 'ಲಾರ್ಜ್ ಫಾಂಟ್ಸ್' ಆರಿಸಿದರೆ ಅದು 120 ಆಗುತ್ತಿತ್ತು. ಈಗ ಎಷ್ಟಿದೆ ಎಂದು ಪ್ರೋಗ್ರಾಮ್ ಕೇಳಿ ತಿಳಿಯಬಹುದಿತ್ತು. ಎಷ್ಟೋ ಪ್ರೋಗ್ರಾಮುಗಳು ಕೇಳಲೇ ಇಲ್ಲ. ವಿಷುವಲ್ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದವರಿಗೆ 'ಟ್ವಿಪ್' ಎಂಬ ಅಳತೆ ನೆನಪಿರಬಹುದು. ಇಂಚಿಗೆ 1440 ಟ್ವಿಪ್. ಅದನ್ನು 96ರಿಂದ ಭಾಗಿಸಿದರೆ 15. ಎಷ್ಟೋ ಜನ ನೇರವಾಗಿ 15 ಎಂದೇ ಕೋಡ್‌ನಲ್ಲಿ ಬರೆದುಬಿಟ್ಟರು. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವರ ಮೇಜಿನ ಮೇಲಿದ್ದ ಪರದೆಗಳೆಲ್ಲ ಆ ಲೆಕ್ಕಕ್ಕೇ ಹೊಂದುತ್ತಿದ್ದವು. ಮೊನ್ನೆಮೊನ್ನೆಯವರೆಗೂ ಎಲ್ಲೆಡೆ ಸಿಗುತ್ತಿದ್ದ 15.6 ಇಂಚಿನ, 1366×768ರ ಲ್ಯಾಪ್‌ಟಾಪಿನಲ್ಲೂ ಇಂಚಿಗೆ ಸುಮಾರು 100 ಪಿಕ್ಸೆಲ್ ಅಷ್ಟೇ.

ಎಚ್ಚರಿಕೆ ಬೇಗನೇ ಸಿಕ್ಕಿತ್ತು. 2001ರಲ್ಲಿ ಐಬಿಎಂ 22 ಇಂಚಿನ, 3840×2400ರ ಮಾನಿಟರ್ ತಂದಿತು. ಇಂಚಿಗೆ 204 ಪಿಕ್ಸೆಲ್. ಆದರೆ ಅಷ್ಟು ದುಬಾರಿ ಪರದೆ ಸಾಮಾನ್ಯರ ಮೇಜಿಗೆ ಬರಲಿಲ್ಲ.

2007ರ ವಿಂಡೋಸ್ ವಿಸ್ತಾ ಒಂದು ಉಪಾಯ ಹೂಡಿತು. 96 ಬಿಟ್ಟು ಬೇರೆ ಗೊತ್ತಿಲ್ಲದ ಪ್ರೋಗ್ರಾಮಿಗೆ "ನಿನ್ನ ಪರದೆ 96ರದ್ದೇ" ಎಂದು ಹೇಳುತ್ತದೆ. ಅದು ಸಣ್ಣದಾಗಿ ಚಿತ್ರ ಬಿಡಿಸಿಕೊಡುತ್ತದೆ. ವಿಂಡೋಸ್ ಆ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ. ತಂಗಿ ಕಂಡ ಮಂಜು ಇದೇ. ಚಿಕ್ಕ ಫೋಟೋವನ್ನು ಎಳೆದು ದೊಡ್ಡದು ಮಾಡಿದ ಹಾಗೆ. ಎಳ್ಳುಕಾಳಿನ ಕಾರಣ ಇನ್ನೊಂದು. ಆ ಪ್ರೋಗ್ರಾಮ್ "ನನಗೆ ಎಲ್ಲ ಗೊತ್ತು, ಹಿಗ್ಗಿಸಬೇಡ" ಎಂದು ವಿಂಡೋಸ್‌ಗೆ ಹೇಳಿಬಿಟ್ಟಿರುತ್ತದೆ. ಆಮೇಲೆ ತಾನೂ ಹಿಗ್ಗುವುದಿಲ್ಲ. 96ರ ಪರದೆಯಲ್ಲಿ ನಾಲ್ಕು ಮಿಲಿಮೀಟರ್ ಇದ್ದ 16 ಪಿಕ್ಸೆಲ್‌ನ ಐಕಾನ್, ಪಿಕ್ಸೆಲ್‌ಗಳು ಇನ್ನೂ ಒತ್ತಾಗಿರುವ ಅವಳ ಪರದೆಯಲ್ಲಿ ಒಂದೂವರೆ ಮಿಲಿಮೀಟರ್ ಆಗುತ್ತದೆ.

ಆಪಲ್ ಕೂಡ 2005ರ ಸುಮಾರಿಗೆ ಎಷ್ಟು ಬೇಕಾದರೂ ಹಿಗ್ಗಿಸುವ ವ್ಯವಸ್ಥೆಗೆ ಕೈ ಹಾಕಿತ್ತು. ಅದು ಕೈಗೂಡಲಿಲ್ಲ. ಆಗ ಅವರು ಕೈಗೊಂಡ ತೀರ್ಮಾನ ನನಗೆ ತುಂಬ ಜಾಣತನದ್ದು ಅನ್ನಿಸುತ್ತದೆ: ಸರಿಯಾಗಿ ಎರಡು ಪಟ್ಟು, ಬೇರೇನೂ ಇಲ್ಲ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊ ಪರದೆ 2880×1800. ಹಳೆಯ 1440×900ರ ಒಂದು ಪಿಕ್ಸೆಲ್ ಜಾಗದಲ್ಲಿ ಈಗ ನಾಲ್ಕು. ಹಳೆಯ ಚಿತ್ರಗಳು ಒರಟಾಗಿ ಕಂಡವು ನಿಜ, ಆದರೆ ಯಾವ ಗುಂಡಿಯೂ ಜಾಗ ಬಿಟ್ಟು ಕದಲಲಿಲ್ಲ. ನಡುವಿನ ಅಳತೆ, ಉದಾಹರಣೆಗೆ 1680×1050, ಬೇಕೆಂದರೆ ಮ್ಯಾಕ್ ಮೊದಲು ಎರಡು ಪಟ್ಟಿನಲ್ಲೇ, 3360×2100ರಲ್ಲಿ ಬಿಡಿಸುತ್ತದೆ. ಆಮೇಲೆ ಪರದೆಗೆ ತಕ್ಕಂತೆ ಕುಗ್ಗಿಸುತ್ತದೆ.

ವಿಂಡೋಸ್‌ಗೆ ಆ ಸುಖ ಇರಲಿಲ್ಲ. ನೂರಾರು ಕಂಪನಿಗಳ ಲ್ಯಾಪ್‌ಟಾಪು, ಒಂದೊಂದರದ್ದು ಒಂದೊಂದು ಅಳತೆ. ಶೇ. 125, ಶೇ. 150 ಅನಿವಾರ್ಯ. ಒಂದು ಪಿಕ್ಸೆಲ್ ಗೆರೆಯನ್ನು ಒಂದೂವರೆ ಮಾಡು ಎಂದರೆ ಎಲ್ಲಿಂದ ತರುವುದು? ಅರ್ಧ ಪಿಕ್ಸೆಲ್ ಎಂಬುದಿಲ್ಲ. ಅದರ ಮೇಲೆ ಇನ್ನೊಂದು ತಲೆನೋವು. ಲ್ಯಾಪ್‌ಟಾಪಿಗೆ ಹಳೆಯ ಮಾನಿಟರ್ ಸೇರಿಸಿದರೆ ಎರಡು ಪರದೆಗೆ ಎರಡು ಅಳತೆ ಬೇಕು. ಅದಕ್ಕೆ ದಾರಿ ಬಂದದ್ದು 2013ರ ವಿಂಡೋಸ್ 8.1ರಲ್ಲಿ, ಸುಧಾರಿಸಿದ್ದು 2017ರ ವಿಂಡೋಸ್ 10ರ ಕ್ರಿಯೇಟರ್ಸ್ ಅಪ್‌ಡೇಟ್‌ನಲ್ಲಿ. ವಿಂಡೋಸ್‌ನಲ್ಲಿ ಓಡುವ ಜಾವಾ ಪ್ರೋಗ್ರಾಮುಗಳಿಗೂ ಅದೇ ವರ್ಷದ ಜಾವಾ 9 ಬರಬೇಕಾಯಿತು. ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳ ಚಿತ್ರವನ್ನು ಪರದೆಗೆ ತಲುಪಿಸುವ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಇಂಥ ನಡುವಿನ ಅಳತೆಗೆ ಸರಿಯಾದ ನಿಯಮ ಬಂದದ್ದು 2022ರಲ್ಲಿ.

ಕನ್ನಡ ಓದುವವರಿಗೆ ಇದು ಇಂಗ್ಲಿಷಿಗಿಂತ ಜಾಸ್ತಿ ತಟ್ಟುತ್ತದೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅಕ್ಷರ ಹಿಗ್ಗಿ ಪೆಟ್ಟಿಗೆ ಹಿಗ್ಗದಿದ್ದರೆ ಮೊದಲು ಕತ್ತರಿಸಿ ಹೋಗುವುದು ಆ ಒತ್ತೇ. ದ, ಧ, ಥ ನೋಡಿ. ದಕ್ಕೂ ಧಕ್ಕೂ ನಡುವೆ ಕೆಳಗಿನ ಒಂದು ಸೀಳು. ಧಕ್ಕೂ ಥಕ್ಕೂ ನಡುವೆ ಹೊಟ್ಟೆಯೊಳಗಿನ ಒಂದು ಚುಕ್ಕೆ. 96ರ ಪರದೆಯಲ್ಲಿ ಆ ಚುಕ್ಕೆಗೆ ಸಿಗುವುದು ಒಂದೆರಡು ಪಿಕ್ಸೆಲ್. ಚೂಪು ಪರದೆಯಿಂದ ನಿಜವಾದ ಲಾಭ ಇರುವುದು ನಮ್ಮಂಥ ಲಿಪಿಗಳಿಗೇ. ಆದರೆ ಮಸುಕಾಗಿ ಹಿಗ್ಗಿಸಿದಾಗ ಆ ಲಾಭವೇ ಕೈತಪ್ಪುತ್ತದೆ.

ಮೆನು ಎಳ್ಳುಕಾಳಿನಷ್ಟಾಗಿದ್ದ ತಂಗಿಯ ಪ್ರೋಗ್ರಾಮಿನ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ತೆರೆದೆ. ಅಲ್ಲಿನ ಹೈ ಡಿಪಿಐ (ಇಂಚಿಗೆ ಹೆಚ್ಚು ಚುಕ್ಕೆ) ಸೆಟ್ಟಿಂಗ್‌ನಲ್ಲಿ 'ಸಿಸ್ಟಮ್' ಆರಿಸಿದೆ. ಪ್ರೋಗ್ರಾಮ್ ಏನೇ ಹೇಳಿಕೊಳ್ಳಲಿ, ಹಿಗ್ಗಿಸುವ ಕೆಲಸ ಈಗ ವಿಂಡೋಸ್‌ನದ್ದು. ಮೆನು ಓದುವ ಹಾಗಾಯಿತು, ಪುಟ ಮಾತ್ರ ಮಸುಕಾಯಿತು. ಅವಳು ಅದರಲ್ಲೇ ಪುಟ ಕಟ್ಟುತ್ತಾಳೆ. ಕರಡು ತಿದ್ದುವಾಗ ಪಿಡಿಎಫ್ ಮಾಡಿ ಹೊಸ ಪ್ರೋಗ್ರಾಮೊಂದರಲ್ಲಿ ತೆರೆಯುತ್ತಾಳೆ. ಅಲ್ಲಿ ಥದ ಚುಕ್ಕೆ ಚೂಪಾಗಿ ಕಾಣುತ್ತದೆ.