ಕ್ಲಿಂಗಾನ್ ಕ್ರಿಯಾಪದ: ‘ಯಾವಾಗ’ ಬಿಡಿ, ‘ಮುಗೀತಾ’ ಅಂತ ಕೇಳಿ

ಸ್ಟಾರ್ ಟ್ರೆಕ್ ಚಿತ್ರಗಳಿಗಾಗಿ ಭಾಷಾವಿಜ್ಞಾನಿ ಮಾರ್ಕ್ ಒಕ್ರಾಂಡ್ ಕಟ್ಟಿದ ಭಾಷೆ ಕ್ಲಿಂಗಾನ್. ಅವರ ನಿಘಂಟು 1985ರಲ್ಲಿ ಬಂತು. ಇದರ ಕ್ರಿಯಾಪದಕ್ಕೆ ಭೂತ, ವರ್ತಮಾನ, ಭವಿಷ್ಯತ್ ಅನ್ನೋ ರೂಪಗಳೇ ಇಲ್ಲ.

‘ವಿಷೋಪ್’ ಅಂದರೆ ನಾನು ಅದನ್ನು ತಿನ್ನುವುದು. (ಇಲ್ಲಿ ನಮ್ಮ ಷಕಾರವೇ ಬೇಕು, ಶ ಅಂದರೆ ತಪ್ಪು.) ನಿನ್ನೆಯೋ ನಾಳೆಯೋ ಅನ್ನುವುದನ್ನು ಬೇರೆ ಪದ ಹೇಳುತ್ತದೆ: ವ’ಹು’ ಅಂದರೆ ನಿನ್ನೆ, ವ’ಲೆಷ್ ಅಂದರೆ ನಾಳೆ. ಮೇಲಿನ ಗುರುತು ಕಂಡಲ್ಲಿ ಗಂಟಲನ್ನು ಚಕ್ಕನೆ ಕಟ್ಟಿ ಬಿಡಬೇಕು.

ಹಾಗಾದರೆ ಕ್ರಿಯಾಪದ ಏನು ಹೇಳುತ್ತದೆ? ಕೆಲಸ ಮುಗಿದಿದೆಯೋ, ನಡೆಯುತ್ತಿದೆಯೋ ಅಂತ. ಮುಗಿದಿದ್ದರೆ ಪು’ ಸೇರಿಸಿ. ನಾನು ಮೊದಲ ವಾರವೆಲ್ಲ ಎಡವಿದ್ದು ಇಲ್ಲೇ. ಪು’ ಅಂದರೆ ಭೂತಕಾಲ ಅಂದುಕೊಂಡು ಕಂಡಕಂಡಲ್ಲಿ ಅಂಟಿಸುತ್ತಿದ್ದೆ. ‘ವ’ಲೆಷ್ ವಿಷೋಪ್‌ಪು’’ ಅನ್ನುವ ವಾಕ್ಯ ನೋಡಿ. ನಾಳೆಯ ಮಾತು, ಆದರೂ ಪು’ ಇದೆ! ಅರ್ಥ: ನಾಳೆ ಹೊತ್ತಿಗೆ ತಿಂದಿರುತ್ತೇನೆ. ‘ತಿಂದಿರುತ್ತೇನೆ’ ಅನ್ನೋ ಕನ್ನಡ ರೂಪ ನೆನಪಿಟ್ಟುಕೊಂಡರೆ ಗೊಂದಲ ಇಲ್ಲ.

ತ’ ಕೂಡ ಮುಗಿದದ್ದಕ್ಕೇ, ಆದರೆ ಬೇಕಂತಲೇ ಮಾಡಿದ ಕೆಲಸಕ್ಕೆ ಮಾತ್ರ. ‘ಲುಹೋಹ್‌ಪು’’ ಅಂದರೆ ಅವರು ಅವನನ್ನು ಕೊಂದಿದ್ದಾರೆ, ಉದ್ದೇಶ ಇತ್ತೋ ಇಲ್ಲವೋ ಗೊತ್ತಿಲ್ಲ. ‘ಲುಹೋಹ್‌ತ’’ ಅಂದರೆ ಕೊಲ್ಲಲೆಂದೇ ಹೊರಟು ಕೊಂದಿದ್ದಾರೆ. ಲೋಟ ‘ಒಡೆದುಹೋಯ್ತು’ ಅನ್ನುವುದಕ್ಕೂ ‘ಒಡೆದುಹಾಕಿದ’ ಅನ್ನುವುದಕ್ಕೂ ನಾವು ಎಷ್ಟು ವ್ಯತ್ಯಾಸ ಮಾಡುತ್ತೇವೆ, ಅಲ್ವಾ? ಪೂರ್ತಿ ಒಂದೇ ಅಲ್ಲ, ಆದರೂ ಹತ್ತಿರದ್ದು.

ನಡೆಯುತ್ತಿರುವ ಕೆಲಸಕ್ಕೂ ಎರಡಿವೆ: ತಹ್, ಲಿ’. ‘ಚೋಲ್‌ತಹ್’ ಅಂದರೆ ಹತ್ತಿರ ಬರುತ್ತಿದೆ, ಅಷ್ಟೇ. ‘ಚೋಲ್‌ಲಿ’’ ಅಂದರೂ ಹತ್ತಿರ ಬರುತ್ತಿದೆ, ಆದರೆ ಅದಕ್ಕೊಂದು ಗುರಿ ಇದೆ, ಅಲ್ಲಿಗೆ ಬಂದು ನಿಲ್ಲುತ್ತದೆ. ಗುರಿಯಿಟ್ಟು ಹಾರಿಸಿದ ಕ್ಷಿಪಣಿ ಅಂದುಕೊಳ್ಳಿ. ಕನ್ನಡದ ‘ಉತ್ತಿದೆ’ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಹಾಗಾಗಿ ಲಿ’ ನಮಗೆ ಸುಲಭಕ್ಕೆ ನೆನಪಾಗುವುದಿಲ್ಲ.

ಇನ್ನೊಂದು ಮಾತು. ಈ ನಾಲ್ಕರಲ್ಲಿ ಒಂದು ಕ್ರಿಯಾಪದಕ್ಕೆ ಒಂದೇ. ‘ಓದುತ್ತಾ ಕೂತುಬಿಟ್ಟಿದ್ದೆ’ ಅಂತ ಸಾಲುಸಾಲಾಗಿ ಪೋಣಿಸಿ ಅಭ್ಯಾಸವಾದ ನಾನು ತಹ್ ಮೇಲೆ ಪು’ ಕೂಡ ಹಾಕಿದ್ದೆ. ಒಂದನ್ನು ಹೊಡೆದುಹಾಕಬೇಕಾಯ್ತು.