ಚೈನ್ ಬಿಗಿ ಮಾಡಿ ಎನ್ನುವವರಿಗೆ

ಮೊದಲ ಗಾಡಿ ಕೊಂಡವರು ನನ್ನ ಗ್ಯಾರೇಜಿಗೆ ಬಂದು ಆಡುವ ಮಾತು ಹೆಚ್ಚುಕಡಿಮೆ ಒಂದೇ. ‘ಅಣ್ಣಾ, ಚೈನ್ ಸದ್ದು ಮಾಡುತ್ತಿದೆ, ಸ್ವಲ್ಪ ಬಿಗಿ ಮಾಡಿಕೊಡಿ.’ ಬಗ್ಗಿ ಬೆರಳಿನಿಂದ ಒತ್ತಿ ನೋಡಿದರೆ ಚೈನ್ ಆಗಲೇ ತಂತಿಯಂತೆ ಸೆಟೆದು ನಿಂತಿರುತ್ತದೆ. ‘ಇದನ್ನು ಸಡಿಲ ಮಾಡಬೇಕು’ ಎಂದರೆ ಮುಖ ಸಪ್ಪಗಾಗುತ್ತದೆ. ಕೆಲವರು ನನಗೆ ಕೆಲಸ ಬರುವುದಿಲ್ಲ ಎಂದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕೇಳಿದಷ್ಟು ಬಿಗಿ ಮಾಡಿಕೊಡುತ್ತಾರೆ. ಗಿರಾಕಿಯೂ ಖುಷಿ, ಅಂಗಡಿಯವನೂ ಖುಷಿ, ಗೇರ್ ಬಾಕ್ಸಿನ ಬೇರಿಂಗ್ ಮಾತ್ರ ಕೆಡುತ್ತದೆ.

ಚೈನ್ ಸಡಿಲವಾಗಿ ಜೋತು ಬಿದ್ದರೆ ಕಳಚಿಕೊಳ್ಳುತ್ತದೆ ಎನ್ನುವ ಭಯ ಸುಳ್ಳಲ್ಲ. ಆದರೆ ಆ ಭಯದಿಂದ ಜನ ಇನ್ನೊಂದು ತುದಿಗೆ ಹೋಗುತ್ತಾರೆ. ಏಕೆ ಹಾಗೆ ಹೋಗಬಾರದು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಿಂದಿನ ಚಕ್ರ ಕುಳಿತಿರುವುದು ಸ್ವಿಂಗ್ ಆರ್ಮ್ ಎಂಬ ಕಬ್ಬಿಣದ ತೋಳಿನ ತುದಿಯಲ್ಲಿ. ಗುಂಡಿ ಬಂದಾಗ ಆ ತೋಳು ಒಂದು ಕೀಲಿನ ಸುತ್ತ ಮೇಲೆ ಕೆಳಗೆ ಆಡುತ್ತದೆ. ಚೈನ್ ಹೊರಡುವುದು ಆ ಕೀಲಿನಿಂದಲ್ಲ, ಅದಕ್ಕಿಂತ ಒಂದಿಷ್ಟು ಮುಂದೆ ಎಂಜಿನ್ನಿಗೆ ಅಂಟಿಕೊಂಡಿರುವ ಸಣ್ಣ ಹಲ್ಲುಗಾಲಿ, ಅಂದರೆ ಸ್ಪ್ರಾಕೆಟ್‌ನಿಂದ. ಎರಡರ ಕೇಂದ್ರ ಬೇರೆ ಬೇರೆಯಾದ್ದರಿಂದ ಚಕ್ರ ಮೇಲೆ ಕೆಳಗೆ ಆಡಿದಂತೆ ಮುಂದಿನ ಸ್ಪ್ರಾಕೆಟ್‌ಗೂ ಹಿಂದಿನ ಚಕ್ರಕ್ಕೂ ನಡುವಿನ ದೂರ ಬದಲಾಗುತ್ತಲೇ ಇರುತ್ತದೆ. ಮೇನ್ ಸ್ಟ್ಯಾಂಡ್ ಹಾಕಿದಾಗ ಚಕ್ರ ಕೆಳಗೆ ಇಳಿಬಿದ್ದಿರುತ್ತದೆ, ಆಗ ಆ ದೂರ ಕಡಿಮೆ. ನೀವು ಹತ್ತಿ ಕುಳಿತು, ಹಿಂದೆ ಇನ್ನೊಬ್ಬರು ಕುಳಿತು, ಗಾಡಿ ಗುಂಡಿಗೆ ಇಳಿದಾಗ ಶಾಕ್ ಅಬ್ಸಾರ್ಬರ್ ಒತ್ತಿಕೊಂಡು ಮುಂದಿನ ಸ್ಪ್ರಾಕೆಟ್, ಕೀಲು, ಚಕ್ರದ ಆ್ಯಕ್ಸೆಲ್ ಮೂರೂ ಒಂದೇ ಗೆರೆಗೆ ಬರುತ್ತವೆ. ಆಗ ದೂರ ಅತಿ ಹೆಚ್ಚು. ಸ್ಟ್ಯಾಂಡಿನ ಮೇಲೆ ನಿಂತಾಗಲೇ ಬಿಗಿಯಾಗಿದ್ದ ಚೈನಿಗೆ ಆಗ ಹಿಗ್ಗಲು ಏನೂ ಉಳಿದಿರುವುದಿಲ್ಲ. ಆ ಎಳೆತವೆಲ್ಲ ಗೇರ್ ಬಾಕ್ಸಿನಿಂದ ಹೊರಬರುವ ಶಾಫ್ಟಿನ ಬೇರಿಂಗಿಗೂ ಹಿಂದಿನ ಚಕ್ರದ ಬೇರಿಂಗಿಗೂ ಬೀಳುತ್ತದೆ.

ನಂಬಿಕೆ ಬಾರದಿದ್ದರೆ ಇಬ್ಬರು ಗೆಳೆಯರನ್ನು ಗಾಡಿಯ ಮೇಲೆ ಕೂರಿಸಿ, ನೀವು ಪಕ್ಕದಲ್ಲಿ ಕುಳಿತು ಚೈನಿನ ಕೆಳಭಾಗವನ್ನು ಬೆರಳಿನಿಂದ ಎತ್ತಿ ನೋಡಿ. ಇಬ್ಬರ ಭಾರ ಬಿದ್ದಾಗಲೂ ಅದು ತುಸುವಾದರೂ ಅಲುಗಾಡಬೇಕು. ಅಲುಗದಿದ್ದರೆ ಇವತ್ತೇ ಸಡಿಲ ಮಾಡಿಸಿ.

ಅಡಿಕೆ ತೋಟದ ಮನೆಯ ಹುಡುಗನೊಬ್ಬ ಹಳೆಯ 125 ಸಿಸಿ ಗಾಡಿ ಕೊಂಡಿದ್ದ. ಒಳ್ಳೆಯ ಹುಡುಗ, ಗಾಡಿಯನ್ನು ಮಗುವಿನಂತೆ ನೋಡಿಕೊಳ್ಳುತ್ತಿದ್ದ, ಅದೇ ತೊಂದರೆ. ಒಂದಿಷ್ಟು ಸದ್ದಾದರೆ ಯಾವುದಾದರೂ ಅಂಗಡಿಯಲ್ಲಿ ನಿಲ್ಲಿಸಿ ಚೈನ್ ಎಳೆಸುತ್ತಿದ್ದ. ತೋಟದ ಹಾದಿಯಲ್ಲಿ ಹಿಂದೆ ಚೀಲ, ಅದರ ಮೇಲೆ ತಮ್ಮ. ನನ್ನಲ್ಲಿಗೆ ಬರುವ ಹೊತ್ತಿಗೆ ಮುಂದಿನ ಸ್ಪ್ರಾಕೆಟ್ ಕವರಿನ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕವರ್ ತೆಗೆದು ಸ್ಪ್ರಾಕೆಟ್ ಹಿಡಿದು ಅಲ್ಲಾಡಿಸಿದರೆ ಶಾಫ್ಟೇ ಅಲ್ಲಾಡಿತು. ಸಣ್ಣ ಗಾಡಿಗಳಲ್ಲಿ ಆ ಬೇರಿಂಗ್ ಬದಲಿಸಲು ಸಾಮಾನ್ಯವಾಗಿ ಎಂಜಿನ್ ಇಳಿಸಿ ಎರಡು ಹೋಳು ಮಾಡಬೇಕಾಗುತ್ತದೆ. ಬೇರಿಂಗಿನ ಬೆಲೆ ಕೇಳಿ ಸಮಾಧಾನಪಟ್ಟುಕೊಂಡವನು ಕೂಲಿಯ ಮೊತ್ತ ಕೇಳಿ ಬೆಂಚಿನ ಮೇಲೆ ಕುಳಿತುಬಿಟ್ಟ. ‘ಸದ್ದು ನಿಲ್ಲಲಿ ಎಂದಷ್ಟೇ ಮಾಡಿಸಿದೆ ಅಣ್ಣಾ’ ಎಂದ. ಅವನ ಚೈನಿಗೆ ಬೇಕಾಗಿದ್ದದ್ದು ಒಂದಿಷ್ಟು ಎಣ್ಣೆ.

ಸದ್ದು ಬಂದರೆ ಮೊದಲು ಕೈ ಹೋಗಬೇಕಾದದ್ದು ಸ್ಪ್ಯಾನರಿಗಲ್ಲ, ಬ್ರಷ್ಷಿಗೆ. ಮಲೆನಾಡಿನ ಮಳೆಗಾಲದಲ್ಲಿ ಕೆಂಪು ಕೆಸರು ಚೈನಿನ ಕೊಂಡಿಗಳ ನಡುವೆ ಸೇರಿ ಒಣಗಿದರೆ ಉಜ್ಜುಕಾಗದದ ಕೆಲಸ ಮಾಡುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಚೈನ್ ಲ್ಯೂಬ್ ಅಥವಾ 90 ನಂಬರಿನ ಗೇರ್ ಆಯಿಲ್ ಹಾಕಿ. ಪೆಟ್ರೋಲ್ ಬೇಡ, ಕೊಂಡಿಗಳ ನಡುವೆ ರಬ್ಬರ್ ಉಂಗುರ ಇರುವ ಚೈನಾದರೆ ಅದು ಆ ರಬ್ಬರನ್ನೇ ಹಾಳು ಮಾಡುತ್ತದೆ. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ ಪುಕ್ಕಟೆ ಸಿಗುತ್ತದೆಂದು ಅದನ್ನೇ ಬಳಿಯುವವರಿದ್ದಾರೆ, ಅದರಲ್ಲಿ ಮಸಿಯೂ ಲೋಹದ ಪುಡಿಯೂ ಇರುತ್ತದೆ. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದರೆ ಅದಕ್ಕಿಂತ ಮೊದಲೇ ಎಣ್ಣೆ ಕಾಣಿಸಬೇಕು. ಪೂರ್ತಿ ಮುಚ್ಚಿದ ಚೈನ್ ಕವರ್ ಇರುವ 100 ಸಿಸಿ ಗಾಡಿಗಳಿಗೆ ಇಷ್ಟು ಗಡಿಬಿಡಿ ಇಲ್ಲ. ಕವರಿನಲ್ಲಿರುವ ಸಣ್ಣ ರಬ್ಬರ್ ಮುಚ್ಚಳ ತೆಗೆದು ಬೆರಳು ಹಾಕಿ ನೋಡಿದರಾಯಿತು. ಆ ಮುಚ್ಚಳ ಯಾಕಿದೆ ಎಂದು ಕೇಳಿದವರನ್ನು ನಾನು ಇನ್ನೂ ನೋಡಿಲ್ಲ.

ಒಂದು ಮಾತನ್ನು ಮಾತ್ರ ಗದರಿಸಿಯೇ ಹೇಳುತ್ತೇನೆ. ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಮಾಡಿ, ಗೇರಿನಲ್ಲಿಟ್ಟು, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸಬೇಡಿ. ಬಟ್ಟೆಯ ನೂಲು ಸಿಕ್ಕಿಕೊಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳಲು ಸಮಯವಿರುವುದಿಲ್ಲ, ಬೆರಳು ಹೋಗುತ್ತದೆ. ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿ. ನಿಧಾನವಾಗುತ್ತದೆ, ಆಗಲಿ.

ಯಾವ ಗಾಡಿ ಕೊಳ್ಳಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ಮೊದಲ ಗಾಡಿಯಾದರೆ ಸ್ಪ್ಲೆಂಡರ್, ಶೈನ್, ಪ್ಲಾಟಿನಾ ವರ್ಗದ 100ರಿಂದ 125 ಸಿಸಿಯ ಒಳಗೆ ಇರಲಿ, ಕುಳಿತಾಗ ಎರಡೂ ಕಾಲು ನೆಲಕ್ಕೆ ತಾಗಲಿ, ಬಿಡಿಭಾಗ ನಿಮ್ಮ ಊರಿನಲ್ಲೇ ಸಿಗಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಒಂದೆರಡು ವರ್ಷ ಹಳೆಯ ಗಾಡಿಗೆ ಹೊಸದರ ಹತ್ತಿರದ ಬೆಲೆ ಹೇಳಿದರೆ ಒಮ್ಮೆ ಶೋರೂಮಿನಲ್ಲೂ ವಿಚಾರಿಸಿ. ಆರ್‌ಸಿ, ವಿಮೆ, ಸಾಲದ ನಮೂದು ಇವನ್ನೆಲ್ಲ ನೋಡಬೇಕೆಂದು ನಾನು ಹೇಳಬೇಕಾಗಿಲ್ಲ.

ಹಳೆಯ ಗಾಡಿ ನೋಡಲು ಹೋದವರು ಮೀಟರಿನ ಕಿಲೋಮೀಟರ್ ಓದಿ, ಎಂಜಿನ್ ಚಾಲೂ ಮಾಡಿ, ಟ್ಯಾಂಕಿನ ಹೊಳಪು ಸವರಿ ಬರುತ್ತಾರೆ. ಮೀಟರನ್ನು ತಿರುಗಿಸಬಹುದು, ಟ್ಯಾಂಕಿಗೆ ಪಾಲಿಶ್ ಹಾಕಬಹುದು. ಚೈನಿನ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ನೋಡಿ. ಹಿಂದಿನ ಸ್ಪ್ರಾಕೆಟ್ಟಿನ ಕೊನೆಯ ತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನ್ ಮುಗಿದಿದೆ. ಹಲ್ಲುಗಳು ಒಂದು ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಚೈನ್, ಎರಡೂ ಸ್ಪ್ರಾಕೆಟ್ ಸೇರಿದ ಪೂರ್ತಿ ಕಿಟ್ ಬದಲಿಸಬೇಕು, ಚೈನ್ ಮಾತ್ರ ಬದಲಿಸಿದರೆ ಹಳೆಯ ಹಲ್ಲು ಹೊಸ ಚೈನನ್ನೂ ತಿನ್ನುತ್ತದೆ. ಸ್ವಿಂಗ್ ಆರ್ಮ್ ಮೇಲಿನ ಗೆರೆಗಳಲ್ಲಿ ಆ್ಯಕ್ಸೆಲ್ ಕೊನೆಯ ಗೆರೆಗೆ ಬಂದಿದ್ದರೆ ಇನ್ನು ಎಳೆಯಲು ಜಾಗವಿಲ್ಲ ಎಂದರ್ಥ. ಮೀಟರು 15,000 ತೋರಿಸುತ್ತಿದ್ದು ಚೈನ್ ಈ ಸ್ಥಿತಿಯಲ್ಲಿದ್ದರೆ, ಒಂದೋ ಮೀಟರು ಸುಳ್ಳು, ಇಲ್ಲವೇ ಮಾಲೀಕರು ಗಾಡಿಯ ಕಡೆ ನೋಡಿಲ್ಲ. ಎರಡರಲ್ಲಿ ಯಾವುದಾದರೂ ಬೆಲೆ ಇಳಿಸಿ ಕೇಳಲು ಸಾಕು. ಇದ್ದ ಹಣವನ್ನೆಲ್ಲ ಗಾಡಿಗೇ ಸುರಿಯದೆ ಟೈರು, ಚೈನ್ ಕಿಟ್, ಮೊದಲ ಸರ್ವೀಸಿಗೆ ಒಂದಿಷ್ಟು ಜೇಬಿನಲ್ಲಿ ಉಳಿಸಿಕೊಳ್ಳಿ.

ಎಷ್ಟು ಸಡಿಲ ಸರಿ ಎಂಬ ಪ್ರಶ್ನೆಗೆ ಒಂದೇ ಅಂಕಿ ಹೇಳುವುದು ಕಷ್ಟ. ನನ್ನ ಕೈಗೆ ಬರುವ ಸಣ್ಣ ಗಾಡಿಗಳಲ್ಲಿ ಕೆಳಭಾಗದ ನಡುವೆ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಆಟ ಇಡುತ್ತೇನೆ. ಆದರೆ ನಿಮ್ಮ ಗಾಡಿಯ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಸರಿ. ಮೇನ್ ಸ್ಟ್ಯಾಂಡಿನಲ್ಲಿ ಅಳೆಯಬೇಕೋ ಸೈಡ್ ಸ್ಟ್ಯಾಂಡಿನಲ್ಲೋ ಎಂಬುದೂ ಅದರಲ್ಲೇ ಇರುತ್ತದೆ. ಚೈನ್ ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ, ಆದ್ದರಿಂದ ಚಕ್ರ ತಿರುಗಿಸುತ್ತ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲೇ ಅಳೆಯಬೇಕು. ಸಡಿಲವಾದ ಜಾಗದಲ್ಲಿ ಅಳೆದು ಬಿಗಿದರೆ ಉಳಿದ ಕಡೆ ಕಥೆ ಮೊದಲಿನದೇ.

ಯಾರ ಹತ್ತಿರ ಮಾಡಿಸಿದರೂ ಗಾಡಿ ಅಲ್ಲಿಂದ ಹೊರಡಿಸುವ ಮುನ್ನ ಎರಡು ನೋಡಿಕೊಳ್ಳಿ. ಎಡಬಲದ ಗೆರೆಗಳಲ್ಲಿ ಗುರುತು ಒಂದೇ ಕಡೆ ನಿಂತಿರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗಿರುತ್ತದೆ. ಹಿಂದೆ ಡ್ರಮ್ ಬ್ರೇಕ್ ಇದ್ದರೆ, ಚಕ್ರ ಹಿಂದಕ್ಕೆ ಸರಿದಾಗ ಬ್ರೇಕಿನ ರಾಡ್ ಕೂಡ ಎಳೆದುಕೊಂಡು ಪೆಡಲ್ ಬಿಗಿಯಾಗಿರುತ್ತದೆ. ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ, ಸಲೀಸಾಗಿ ತಿರುಗಬೇಕು. ಪೆಡಲ್ ಮುಟ್ಟದೆಯೇ ಹಿಂದಿನ ಬ್ರೇಕ್ ದೀಪ ಉರಿಯುತ್ತಿದ್ದರೆ ವಾಪಸ್ ಒಳಗೆ ತಂದು ಬ್ರೇಕಿನ ನಟ್ ಸಡಿಲ ಮಾಡಿಸಿ. ಇದಕ್ಕೆ ನಾನು ಹಣ ತೆಗೆದುಕೊಳ್ಳುವುದಿಲ್ಲ, ಬೇರೆಯವರೂ ಸಾಮಾನ್ಯವಾಗಿ ಕೇಳಲಿಕ್ಕಿಲ್ಲ.